ಬಂದವರ ಹಣ ಯಾರ ಮಡಿಲಿಗೆ?

ಈಗ ಯಾವ ಸಭೆಗೆ ಹೋದರೂ ಕೇಳುವುದು ಒಂದೇ ಮಾತು: ಪ್ರವಾಸೋದ್ಯಮ. ಕುಂದಾಪುರದ ವೇದಿಕೆಯಲ್ಲಿ ಅದೇ, ಬೈಂದೂರಿನ ಉದ್ಘಾಟನೆಯಲ್ಲಿ ಅದೇ, ಬ್ರಹ್ಮಾವರದ ಸನ್ಮಾನ ಸಮಾರಂಭದಲ್ಲಿಯೂ ಅದೇ. ಪುಢಾರಿಗಳು ಹಾರ ಹಾಕಿಸಿಕೊಂಡು, ನಮ್ಮ ಕಡಲನ್ನೂ ಯಕ್ಷಗಾನವನ್ನೂ ಕೊಂಡಾಡಿ, ಇನ್ನೇನು ಊರು ಉದ್ಧಾರವಾಯಿತು ಎಂದು ಹೇಳಿ ಕಾರು ಹತ್ತುತ್ತಾರೆ. ಕೇಳಿದವರು ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತಾರೆ. ಮರುದಿನ ಬೆಳಿಗ್ಗೆ ಗೇರುಬೀಜ ಕಾರ್ಖಾನೆಯ ಸಿಳ್ಳು ಕೂಗುವಾಗ ಅದೇ ಹೆಂಗಸರು ಅದೇ ಬುತ್ತಿಯನ್ನು ಹಿಡಿದು ಅದೇ ದಾರಿಯಲ್ಲಿ ನಡೆಯುತ್ತಾರೆ.

ಪ್ರವಾಸಿಗರು ಬರಬಾರದೆಂದು ನಾವು ಹೇಳುವುದಿಲ್ಲ. ಬರಲಿ, ಇನ್ನಷ್ಟು ಬರಲಿ. ಆದರೆ ನಮ್ಮದೊಂದು ಪ್ರಶ್ನೆ ಇದೆ. ಬಂದವರು ಬಿಚ್ಚಿದ ಗಂಟಿನ ಹಣ ಯಾರ ಮಡಿಲಿಗೆ ಬೀಳುತ್ತದೆ?

ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ. ಇಂಥ ನೋಟ ಬೇರೆಡೆ ಸುಲಭವಾಗಿ ಸಿಗುವುದಲ್ಲ. ದಿನಕ್ಕೆ ಎಷ್ಟೋ ಕಾರುಗಳು ಅಲ್ಲಿ ನಿಲ್ಲುತ್ತವೆ. ಅಲ್ಲಿ ಚಹಾ ಮಾರುವ ಒಬ್ಬರನ್ನು ವ್ಯಾಪಾರ ಹೇಗಿದೆ ಎಂದು ಕೇಳಿದೆವು. ಅವರು ನಕ್ಕು ಹೇಳಿದರು: "ಬಪ್ಪೋರ್ ಬತ್ರ್, ಪಟ ತೆಗಿತ್ರ್, ಹೋತ್ರ್. ನಮ್ಗೆಂತ ಸಿಕ್ತ್ ಮಾಷ್ಟ್ರೇ?" ನಮ್ಮ ಲೇಖನಕ್ಕೆ ಈ ಒಂದು ಮಾತು ಸಾಕು. ಮುಂದೆ ಬರೆಯುವುದೆಲ್ಲ ಅದರ ವಿವರಣೆ ಮಾತ್ರ.

ನಮ್ಮಲ್ಲಿ ಏನಿದೆ?

ನಮ್ಮಲ್ಲಿ ಇಲ್ಲದ್ದು ಕಡಿಮೆ. ಕೊಲ್ಲೂರಿನ ಮೂಕಾಂಬಿಕೆಯ ಸನ್ನಿಧಿಗೆ ಕೇರಳ, ತಮಿಳುನಾಡುಗಳಿಂದ ಜನ ತಲೆತಲಾಂತರದಿಂದ ಬರುತ್ತಿದ್ದಾರೆ. ನವರಾತ್ರಿಯಲ್ಲಿ ಮಕ್ಕಳಿಗೆ ಅಕ್ಷರಾಭ್ಯಾಸ ಮಾಡಿಸುವವರ ಸಾಲನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕುಂಭಾಶಿಯ ಆನೆಗುಡ್ಡೆ, ಕೋಟೇಶ್ವರದ ಕೋಟಿಲಿಂಗೇಶ್ವರ, ಸಾಲಿಗ್ರಾಮದ ಗುರುನರಸಿಂಹ, ಮಂದಾರ್ತಿಯ ದುರ್ಗಾಪರಮೇಶ್ವರಿ, ಹೀಗೆ ಪಟ್ಟಿ ಉದ್ದವಾಗುತ್ತದೆ. ಆಳುಪರ ರಾಜಧಾನಿಯಾಗಿದ್ದು, ವಿಜಯನಗರದ ಕಾಲದಲ್ಲಿ ಒಂದು ರಾಜ್ಯದ ಕೇಂದ್ರವಾಗಿದ್ದ ಬಾರಕೂರು ನಮ್ಮದು. ಪೋರ್ತುಗೀಸರು ಅಕ್ಕಿಗಾಗಿ ಬಾಯಿಬಿಟ್ಟ ಬಂದರು, 1665ರಲ್ಲಿ ಶಿವಾಜಿ ಹಡಗು ತಂದು ಸೂರೆ ಮಾಡಿದ ಬಂದರು ಬಸರೂರು ನಮ್ಮದು. ಶಿವರಾಮ ಕಾರಂತರು 1902ರಲ್ಲಿ ಹುಟ್ಟಿದ ಕೋಟ, ಗೋಪಾಲಕೃಷ್ಣ ಅಡಿಗರು 1918ರಲ್ಲಿ ಹುಟ್ಟಿದ ಮೊಗೇರಿ ಎರಡೂ ನಮ್ಮ ನೆರೆಹೊರೆ. ಉಪ್ಪಿನಕುದ್ರಿನಲ್ಲಿ ತಲೆಮಾರುಗಳಿಂದ ಸೂತ್ರ ಹಿಡಿದು ಯಕ್ಷಗಾನದ ಗೊಂಬೆಗಳನ್ನು ಕುಣಿಸುವ ಮನೆತನವಿದೆ. ಕೊಗ್ಗ ಕಾಮತರಿಗೆ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ ಬಂದದ್ದು ಈ ಗೊಂಬೆಗಳಿಂದಲೇ. 2022ರಲ್ಲಿ ಕೆರಾಡಿಯ ಕಾಡು ಗದ್ದೆಗಳಲ್ಲಿ ತೆಗೆದ 'ಕಾಂತಾರ' ಚಿತ್ರ ದೇಶವೆಲ್ಲ ಓಡಿದ ಮೇಲೆ, ನಮ್ಮ ಕುಂದಾಪ್ರ ಕನ್ನಡ ಕೇಳಿ ನಗುತ್ತಿದ್ದವರೂ ಅದನ್ನು ಕಲಿಯಲು ಬಾಯಿ ತಿರುಗಿಸುತ್ತಿದ್ದಾರೆ.

ಇದೆಲ್ಲ ಒಬ್ಬ ಸಾಹುಕಾರನ ಸೊತ್ತಲ್ಲ. ದೇವಸ್ಥಾನದ ಕಲ್ಲು ಹೊತ್ತವರು, ಬಂದರಿನಲ್ಲಿ ಅಕ್ಕಿ ಮುಡಿ ಹೊತ್ತವರು, ರಾತ್ರಿಯಿಡೀ ಗೆಜ್ಜೆ ಕಟ್ಟಿ ಕುಣಿದವರು, ಗದ್ದೆ ಬದಿಯಲ್ಲಿ ನಿಂತು ಆಟ ನೋಡಿ ಕಲೆಯನ್ನು ಉಳಿಸಿದವರು, ಇವರೆಲ್ಲರ ಬೆವರಿನಿಂದ ಕೂಡಿದ ಮೂಲಧನ ಇದು. ಮೂಲಧನ ಎಲ್ಲರದಾದರೆ ಲಾಭವೂ ಎಲ್ಲರದಾಗಬೇಕಷ್ಟೆ.

ಗಿರಣಿಯವರಿಗೇಕೆ ಈ ಚಿಂತೆ?

ನಮ್ಮ ಪಕ್ಷದೊಳಗೇ ಕೆಲವರು ಹೇಳುವುದುಂಟು: "ಪ್ರವಾಸವೆಂಬುದು ಹೊಟ್ಟೆ ತುಂಬಿದವರ ಚಟ. ದುಡಿಯುವವರಿಗೆ ಅದರಿಂದ ಏನು? ಕಾರ್ಖಾನೆ ಕೇಳೋಣ." ಈ ಮಿತ್ರರ ಕಳಕಳಿಯನ್ನು ನಾವು ಬಲ್ಲೆವು. ಕಾರ್ಖಾನೆಗಳನ್ನು ಕೇಳಲೇಬೇಕು, ಕೇಳುತ್ತಲೂ ಇದ್ದೇವೆ. ಆದರೆ ಕಣ್ಣೆದುರಿಗಿನ ಸ್ಥಿತಿಯನ್ನು ಮರೆಮಾಚಬಾರದು. ಒಂದು ಕಾಲದಲ್ಲಿ ಹೊಳೆಯ ದಂಡೆಯ ಹೆಂಚಿನ ಕಾರ್ಖಾನೆಗಳ ಹೊಗೆಗೊಳವೆಗಳೇ ಊರಿನ ಗುರುತಾಗಿದ್ದವು. ಕಾಂಕ್ರೀಟಿನ ತಾರಸಿ ಬಂದು ಒಂದೊಂದಾಗಿ ಒಲೆ ಆರಿತು. ಬ್ರಹ್ಮಾವರದ ಸಹಕಾರಿ ಸಕ್ಕರೆ ಕಾರ್ಖಾನೆಯನ್ನು ನಂಬಿ ಕಬ್ಬು ನೆಟ್ಟ ರೈತರು, ಅದು ಎರಡು ದಶಕಗಳ ಹಿಂದೆ ಬಾಗಿಲು ಹಾಕಿದಾಗ ನಡುನೀರಿನಲ್ಲಿ ನಿಂತರು. ಗೇರುಬೀಜ ಕಾರ್ಖಾನೆಗಳು ಇವೆ, ಆದರೆ ಆಫ್ರಿಕದಿಂದ ಹಡಗಿನಲ್ಲಿ ಬೀಜ ಬಂದರೆ ಕೆಲಸ, ಬೆಲೆ ಏರಿದರೆ ರಜೆ. ಸುಲಿಯುವ ಯಂತ್ರ ಬಂದ ಹಾಗೆ ಕೈಗಳು ಕಡಿಮೆ ಬೇಕಾಗುತ್ತಿವೆ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಗಂಗೊಳ್ಳಿಯ ಮನೆಗಳಲ್ಲಿ ಆ ಎರಡು ತಿಂಗಳು ಸಾಲದ ತಿಂಗಳುಗಳು.

ಹಾಗಾದರೆ ಮಕ್ಕಳು ಎಲ್ಲಿಗೆ ಹೋಗುತ್ತಾರೆ? ಅವರ ಅಜ್ಜಂದಿರು ಹೋದಲ್ಲಿಗೇ. ಪಾರಂಪಳ್ಳಿಯ ಮಯ್ಯ ಸಹೋದರರು ಬೆಂಗಳೂರಿಗೆ ಹೋಗಿ 1924ರಲ್ಲಿ ಆರಂಭಿಸಿದ ಹೋಟೆಲು ಮುಂದೆ ಎಂ.ಟಿ.ಆರ್. ಎಂದು ಹೆಸರಾಯಿತು. ಮುಂಬಯಿ, ಬೆಂಗಳೂರು, ಪುಣೆಗಳ ಹೋಟೆಲುಗಳಲ್ಲಿ ತಟ್ಟೆ ತೊಳೆದು ಗಲ್ಲೆಯ ತನಕ ಏರಿದವರ ಕಥೆ ನಮ್ಮ ಪ್ರತಿ ಊರಿನಲ್ಲಿಯೂ ಇದೆ. ತಟ್ಟೆ ತೊಳೆದು ತೊಳೆದೇ ಮುದುಕರಾದವರ ಕಥೆ ಅದಕ್ಕಿಂತ ಹೆಚ್ಚು. ಅದನ್ನು ಯಾರೂ ಬರೆಯುವುದಿಲ್ಲ. ಇಡೀ ದೇಶಕ್ಕೆ ಉಣಬಡಿಸುವುದನ್ನು ಕಲಿಸಿದವರು ನಾವು. ತಮ್ಮ ಊರಿಗೆ ಬಂದವರಿಗೆ ಉಣಬಡಿಸಿ ಊರಿನಲ್ಲಿಯೇ ಬದುಕುವ ಹಕ್ಕು ನಮ್ಮ ಹುಡುಗರಿಗಿಲ್ಲವೇ? ಆದಕಾರಣ ಈ ಪ್ರಶ್ನೆಯನ್ನು ಬಂಡವಾಳಗಾರರಿಗೆ ಬಿಟ್ಟುಕೊಡುವುದು ನಮ್ಮ ಮಟ್ಟಿಗೆ ತಪ್ಪು.

ಒಂದು ಬೋರ್ಡಿನ ಲೆಕ್ಕ

ಶಾಲೆಯಲ್ಲಿ ಮಕ್ಕಳಿಗೆ ಕೊಡುವಂಥ ಒಂದು ಲೆಕ್ಕ ಮಾಡೋಣ. ಇದು ಯಾವ ಇಲಾಖೆಯ ಅಂಕಿಸಂಖ್ಯೆಯೂ ಅಲ್ಲ, ತಿಳಿಯಲೆಂದು ಕಟ್ಟಿದ ಲೆಕ್ಕ. ಎರಡು ಕುಟುಂಬಗಳು ಎರಡು ದಿನದ ಮಟ್ಟಿಗೆ ನಮ್ಮ ಕಡೆಗೆ ಬಂದವು. ಎರಡೂ ಹತ್ತು ಸಾವಿರ ರೂಪಾಯಿ ಖರ್ಚು ಮಾಡಿದವು ಎನ್ನೋಣ.

ಮೊದಲ ಕುಟುಂಬ ಬೆಂಗಳೂರಿನಲ್ಲಿಯೇ ಕುಳಿತು ಫೋನಿನಲ್ಲಿ ಕಡಲ ತಡಿಯ ರೆಸಾರ್ಟ್ ಗೊತ್ತುಮಾಡಿತು. ಕೋಣೆಗೆ 6,000, ಅಲ್ಲಿಯೇ ಊಟಕ್ಕೆ 1,500, ಪೆಟ್ರೋಲು ಮತ್ತು ಟೋಲಿಗೆ 2,000. ದಾರಿಯಲ್ಲಿ ಎಳನೀರು, ಚಹಾ, ಇತ್ಯಾದಿಗೆ 500. ಕೋಣೆಯ ಹಣದಲ್ಲಿ ಒಂದು ಪಾಲು ಗೊತ್ತುಮಾಡಿಕೊಟ್ಟ ಕಂಪನಿಗೆ, ಉಳಿದದ್ದು ಪರವೂರಿನ ಮಾಲಿಕನಿಗೆ. ಅಲ್ಲಿ ಹಾಸಿಗೆ ಕೊಡವುವ ಹೆಂಗಸಿನ ಸಂಬಳ ಊರಿಗೆ ಬರುತ್ತದೆ, ಅದನ್ನು ಒಪ್ಪೋಣ. ಆದರೆ ತರಕಾರಿ ಹೊರಗಿನದು, ಮೇಲ್ವಿಚಾರಕ ಹೊರಗಿನವನು, ಲಾಭವೂ ಹೊರಗಿನದು.

ಎರಡನೆಯ ಕುಟುಂಬ ರೈಲಿನಲ್ಲಿ ಬಂದು ಬೈಂದೂರಿನಲ್ಲಿಳಿಯಿತು. ರೈಲು, ಬಸ್ಸಿಗೆ 1,000. ಊರಿನವರ ಮನೆಯಲ್ಲಿ ಬಾಡಿಗೆ ಕೋಣೆಗೆ 2,500. ಊಟಕ್ಕೆ, ಅಂದರೆ ಮೀನಿಗೆ, ಕೋಳಿ ಸುಕ್ಕಕ್ಕೆ, ಕುಂದಾಪುರದ ಹೆಸರು ಹೊತ್ತು ದೇಶ ಸುತ್ತಿದ ಘೀ ರೋಸ್ಟಿಗೆ 2,500. ರಿಕ್ಷಾ ಮತ್ತು ದೋಣಿಗೆ 1,500. ಗೊಂಬೆಯಾಟದ ಟಿಕೇಟಿಗೆ 500. ಹೋಗುವಾಗ ಒಣಮೀನು, ಹಪ್ಪಳ, ಗೇರುಬೀಜ, ಕೈಮಗ್ಗದ ಸೀರೆಗೆ 2,000.

ಈಗ ಕೂಡಿಸಿ ನೋಡಿ. ಎರಡನೆಯ ಕುಟುಂಬದ ಹತ್ತು ಸಾವಿರದಲ್ಲಿ ಒಂಬತ್ತು ಸಾವಿರ ನೇರವಾಗಿ ಇಲ್ಲಿನ ಕೈಗಳಿಗೆ ಬಿತ್ತು. ಅಷ್ಟಕ್ಕೇ ನಿಲ್ಲಲಿಲ್ಲ. ಕೋಣೆ ಕೊಟ್ಟ ಮನೆಯಾಕೆ ಅದೇ ಹಣದಿಂದ ಮೀನುಗಾರ್ತಿಯಲ್ಲಿ ಬಂಗುಡೆ ಕೊಂಡಳು, ಮೀನುಗಾರ್ತಿ ಜವಳಿ ಅಂಗಡಿಯಲ್ಲಿ ಬಟ್ಟೆ ಕೊಂಡಳು, ಜವಳಿ ಅಂಗಡಿಯವನು ರಿಕ್ಷಾ ಹತ್ತಿದನು. ಒಂದು ರೂಪಾಯಿ ಊರೊಳಗೆ ನಾಲ್ಕು ಮನೆ ಸುತ್ತಿ ಬಂದಿತು. ಅದೇ ಮೊದಲ ಕುಟುಂಬದ ರೂಪಾಯಿ ಬಂದ ಕಾರಿನಲ್ಲಿಯೇ ವಾಪಸು ಹೊರಟಿತು. ಎರಡೂ ಕಡೆ ಸರಕಾರದ ದಾಖಲೆಯಲ್ಲಿ ಬರೆಯುವುದು ಮಾತ್ರ ಒಂದೇ: 'ಒಂದು ಕುಟುಂಬ ಭೇಟಿ ನೀಡಿತು'. ಬಂದವರ ತಲೆ ಎಣಿಸುವುದು ಅಭಿವೃದ್ಧಿಯಲ್ಲ. ಉಳಿದ ರೂಪಾಯಿ ಎಣಿಸಬೇಕು.

ಭೂಮಿಯ ಪ್ರಶ್ನೆ

ಇದಕ್ಕೆ ಬೇರು ಭೂಮಿಯಲ್ಲಿದೆ. 1951ರಲ್ಲಿ ಘಟ್ಟದ ಮೇಲೆ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದರು; ಲೋಹಿಯಾ ಬಂದು ದಸ್ತಗಿರಿಯಾದರು. ಆ ಹೋರಾಟದ ಬೀಜ ಮೊಳೆತು 1974ರ ಭೂಸುಧಾರಣೆಯ ತಿದ್ದುಪಡಿಯಾಗಿ ನಮ್ಮ ಕರಾವಳಿಗೆ ಇಳಿಯಿತು. ಮೂಲಗೇಣಿ, ಚಾಲಗೇಣಿಗಳೆಂದು ಧನಿಗಳ ಅಂಗಳದಲ್ಲಿ ಕೈಕಟ್ಟಿ ನಿಂತಿದ್ದವರು ಡಿಕ್ಲರೇಷನ್ ಕೊಟ್ಟು ಉಳುವ ಭೂಮಿಗೆ ಒಡೆಯರಾದರು. ಇಂದು ಮಕ್ಕಳನ್ನು ಕಾಲೇಜಿಗೆ ಕಳಿಸಿದ ಎಷ್ಟೋ ಮನೆಗಳ ಅಡಿಗಲ್ಲು ಆ ಒಂದು ಕಾಯಿದೆ.

ಈಗ ಅದೇ ಭೂಮಿ ಕೈಬದಲಾಗುತ್ತಿದೆ. ಕೃಷಿಕರಲ್ಲದವರು ಕೃಷಿ ಭೂಮಿ ಕೊಳ್ಳಬಾರದೆಂದು ಇದ್ದ ತಡೆಯನ್ನು 2020ರ ತಿದ್ದುಪಡಿಯಲ್ಲಿ ತೆಗೆದುಹಾಕಲಾಯಿತು. ಕಡಲ ತಡಿಯ ವಿಷಯದಲ್ಲಿ, 2019ರ ಜನವರಿಯಲ್ಲಿ ಕೇಂದ್ರ ಸರಕಾರ ಹೊರಡಿಸಿದ ಕರಾವಳಿ ನಿಯಂತ್ರಣದ ಅಧಿಸೂಚನೆ, ಜನ ದಟ್ಟವಾಗಿರುವ ಗ್ರಾಮಗಳಲ್ಲಿ ಕಟ್ಟಡ ಕಟ್ಟಬಾರದ ಪಟ್ಟಿಯನ್ನು 200 ಮೀಟರಿನಿಂದ 50 ಮೀಟರಿಗೆ ಇಳಿಸಿತು. ಮೀನುಗಾರನು ಮನೆಗೊಂದು ಕೋಣೆ ಸೇರಿಸಲು ವರ್ಷಗಟ್ಟಲೆ ಕಚೇರಿ ಸುತ್ತಿದ ಕಾಲವಿತ್ತು. ನಿಯಮ ಸಡಿಲವಾದದ್ದು ಅವನಿಗೂ ಅನುಕೂಲವೇ. ಆದರೆ ಆ ಬಾಗಿಲಿನಿಂದ ಅವನಿಗಿಂತ ಮೊದಲು ಒಳನುಗ್ಗುವವರು ಯಾರೆಂದು ಕೇಳಬೇಕಾಗಿಲ್ಲ.

ನಮ್ಮ ಓದುಗರಲ್ಲಿ ಕಡಲ ಬದಿಗೆ ಹತ್ತಿಪ್ಪತ್ತು ಸೆಂಟ್ಸ್ ಉಳ್ಳವರು ಇದ್ದಾರೆ. ಅವರಿಗೆ ನಮ್ಮ ಮಾತು ಇಷ್ಟೆ: ಮಗಳ ಮದುವೆಗೆ, ಆಸ್ಪತ್ರೆಯ ಬಿಲ್ಲಿಗೆ ಮಾರಬೇಕಾಗಿ ಬರುವ ಸಂಕಟವನ್ನು ನಾವು ಅರಿಯದವರಲ್ಲ. ಆದರೆ ಮಾರಿದ ಹಣ ಐದು ವರ್ಷದಲ್ಲಿ ಕರಗುತ್ತದೆ. ಆಮೇಲೆ ತನ್ನದೇ ತೆಂಗಿನ ಬುಡದಲ್ಲಿ ಕಾವಲುಗಾರನ ಟೊಪ್ಪಿ ಹಾಕಿ ನಿಲ್ಲಬೇಕಾಗುತ್ತದೆ. ನೆಲವನ್ನು ಮಾರುವ ಬದಲು ನೆರೆಹೊರೆಯ ನಾಲ್ಕು ಮನೆಯವರು ಸೇರಿ ಸಹಕಾರಿ ಸಂಘ ಮಾಡಿ, ಸಂಘದಿಂದ ಸಾಲ ಪಡೆದು, ನಾಲ್ಕು ಕೋಣೆ ಕಟ್ಟಿದರೆ ನೆಲವೂ ಉಳಿಯುತ್ತದೆ, ಮಕ್ಕಳಿಗೆ ಕೆಲಸವೂ ಆಗುತ್ತದೆ. ಸಹಕಾರಿ ಸಂಘಗಳೂ ಬ್ಯಾಂಕುಗಳೂ ಹುಟ್ಟಿ ಬೆಳೆದ ಈ ಜಿಲ್ಲೆಯಲ್ಲಿ ಇದು ಕನಸಿನ ಮಾತೇನಲ್ಲ.

ಬೀದಿಯ ವ್ಯಾಪಾರಿ, ಜಾತ್ರೆಯ ವ್ಯಾಪಾರಿ

'ಸೌಂದರ್ಯೀಕರಣ' ಎಂಬ ಮಾತು ಕೇಳಿದ ಕೂಡಲೇ ಪೆಟ್ಟಿಗೆ ಅಂಗಡಿಯವನ ಎದೆ ನಡುಗುತ್ತದೆ. ಕಾರಣ, ಸೌಂದರ್ಯಕ್ಕೆ ಮೊದಲ ಅಡ್ಡಿಯಾಗಿ ಅಧಿಕಾರಿಗಳ ಕಣ್ಣಿಗೆ ಬೀಳುವವನು ಅವನೇ. ಹೆದ್ದಾರಿ ಅಗಲವಾಗುವಾಗ ಕುಂದಾಪುರದ ಶಾಸ್ತ್ರಿ ವೃತ್ತದ ಸುತ್ತ ಮೇಲ್ಸೇತುವೆ ಅರ್ಧಕ್ಕೆ ನಿಂತು ವರ್ಷಗಟ್ಟಲೆ ಧೂಳು ತಿಂದವರು ಸಣ್ಣ ವ್ಯಾಪಾರಿಗಳು. ಕಾಮಗಾರಿ ಮುಗಿದ ಮೇಲೆ ಕಾರುಗಳು ಅವರ ತಲೆಯ ಮೇಲಿನಿಂದಲೇ ಹಾರಿ ಹೋದವು.

ಆದರೆ ಒಂದು ಕಾಯಿದೆ ಇದೆ. 2014ರ ಬೀದಿಬದಿ ವ್ಯಾಪಾರಿಗಳ ಕಾಯಿದೆಯ ಪ್ರಕಾರ ಮೊದಲು ವ್ಯಾಪಾರಿಗಳ ಗಣತಿಯಾಗಬೇಕು, ಅವರಿಗೆ ಪ್ರಮಾಣಪತ್ರ ಕೊಡಬೇಕು. ಅದು ಮುಗಿಯುವ ತನಕ ಯಾರನ್ನೂ ಎಬ್ಬಿಸುವಂತಿಲ್ಲ. ಸ್ಥಳ ಬದಲಿಸಬೇಕಾದರೂ 30 ದಿನಗಳ ನೋಟೀಸು ಕೊಡಬೇಕು. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ನೂರಕ್ಕೆ 40ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳೇ ಆರಿಸಿದ ಸದಸ್ಯರಿರಬೇಕು, ಅವರಲ್ಲಿ ಮೂರನೆಯ ಒಂದು ಪಾಲು ಹೆಂಗಸರು. ಕಾಗದದಲ್ಲಿ ಇಷ್ಟು ಚೆನ್ನಾದ ಕಾಯಿದೆ ಎಷ್ಟು ವ್ಯಾಪಾರಿಗಳಿಗೆ ಗೊತ್ತು? ಇನ್ನೊಂದು ತೊಡಕು: ಈ ಕಾಯಿದೆ ಪಟ್ಟಣಗಳಿಗೆ ಅನ್ವಯಿಸುತ್ತದೆ. ಮರವಂತೆ, ಕೊಲ್ಲೂರು, ಕುಂಭಾಶಿಗಳಂಥ ಗ್ರಾಮ ಪಂಚಾಯತುಗಳಲ್ಲಿ ವ್ಯಾಪಾರಿಗೆ ಈ ಆಸರೆಯೂ ಇಲ್ಲ. ಪ್ರವಾಸಿಗರು ಹೆಚ್ಚು ಬರುವುದು ಅಲ್ಲಿಗೇ! ಆ ಪಂಚಾಯತುಗಳು ಇದೇ ಮಾದರಿಯ ನಿಯಮವನ್ನು ತಾವೇ ಮಾಡಿಕೊಳ್ಳಬೇಕೆಂದು ನಾವು ಕೇಳುತ್ತೇವೆ.

ಜಾತ್ರೆಯ ಮಾತಿಗೆ ಬರೋಣ. ಹಬ್ಬ, ಉತ್ಸವಗಳಿಂದ ಊರಿನ ವ್ಯಾಪಾರ ಬೆಳೆಯಬೇಕೆಂದು ಈಗ ದೊಡ್ಡ ದೊಡ್ಡ ಯೋಜನೆ ಬರೆಯುವವರು ಒಮ್ಮೆ ಕೋಟೇಶ್ವರದ ಕೊಡಿ ಹಬ್ಬಕ್ಕೆ ಬಂದು ನೋಡಲಿ. ಹೊಸದಾಗಿ ಮದುವೆಯಾದವರು ಜೋಡಿಯಾಗಿ ಬಂದು ತೇರು ನೋಡಿ ಕಬ್ಬಿನ ಕೊಡಿ ಕೊಂಡುಹೋಗುವ ಹಬ್ಬ ಅದು. ಕಬ್ಬು ಬೆಳೆದವನಿಗೆ, ಬಳೆ ಮಾರುವವಳಿಗೆ, ಬತ್ತಾಸು ಮಾಡುವವನಿಗೆ, ಪುಗ್ಗೆ ಊದುವ ಹುಡುಗನಿಗೆ, ಎಲ್ಲರಿಗೂ ನಾಲ್ಕು ಕಾಸು. ಇದಕ್ಕೆ ಸಲಹೆಗಾರ ಕಂಪನಿ ಬೇಕಾಗಲಿಲ್ಲ. ಇಂಥ ಜಾತ್ರೆಗಳಿಗೆ ಬೇಕಾದದ್ದು ನೀರು, ಪಾಯಿಖಾನೆ, ದೀಪ, ರಾತ್ರಿಯ ಬಸ್ಸು. ಜೊತೆಗೆ, ಅಂಗಡಿ ಜಾಗವನ್ನು ಒಬ್ಬ ಗುತ್ತಿಗೆದಾರನಿಗೆ ಏಲಂ ಮಾಡಿ ಅವನು ಮನಬಂದಂತೆ ಸುಂಕ ಎತ್ತುವ ಪದ್ಧತಿ ಎಲ್ಲೆಲ್ಲಿ ಇದೆಯೋ ಅಲ್ಲಿ ಅದು ನಿಲ್ಲಬೇಕು. ನೇರವಾಗಿ, ನಿಗದಿಯಾದ ದರದಲ್ಲಿ, ಚೀಟಿ ಎತ್ತಿ ಜಾಗ ಹಂಚಲಿ.

ಇನ್ನೊಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. 2022ರಲ್ಲಿ ಕರಾವಳಿಯ ಹಲವು ಜಾತ್ರೆಗಳಲ್ಲಿ ಮುಸಲ್ಮಾನ ವ್ಯಾಪಾರಿಗಳು ಅಂಗಡಿ ಹಾಕಬಾರದೆಂದು ಫಲಕಗಳು ಎದ್ದವು. ತಲೆಮಾರುಗಳಿಂದ ಅದೇ ಜಾತ್ರೆಗೆ ಮಿಠಾಯಿ, ಬಳೆ, ಆಟದ ಸಾಮಾನು ತಂದವರು ಗಂಟು ಕಟ್ಟಿಕೊಂಡು ಹೋದರು. ಅವರು ಹೋದ ಜಾಗದಲ್ಲಿ ಬಡ ಹಿಂದು ವ್ಯಾಪಾರಿಯ ಗಲ್ಲೆ ತುಂಬಿತೇ? ಬಾಡಿಗೆ ಇಳಿಯಿತೇ? ಸುಂಕ ಕಡಿಮೆಯಾಯಿತೇ? ಇಲ್ಲ. ಬೀದಿಯ ವ್ಯಾಪಾರಿಯನ್ನು ಬೀದಿಯ ವ್ಯಾಪಾರಿಯ ಮೇಲೆ ಎತ್ತಿಕಟ್ಟಿ, ಮೇಲೆ ಕುಳಿತವರು ಲೆಕ್ಕ ಕೇಳುವವರಿಲ್ಲದೆ ಉಂಡರು. ಊರಿಗೆ ಪರವೂರ ಅತಿಥಿಗಳನ್ನು ಕರೆಯುವವರು ಮೊದಲು ಊರಿನ ನೆರೆಯವನನ್ನು ಹೊರಗೆ ಹಾಕಬಾರದು.

ಕಲೆ ಕೂಲಿಯಲ್ಲವೇ?

ಸಂಸ್ಕೃತಿಯಿಂದ ಪ್ರವಾಸಿಗರು ಬರುತ್ತಾರೆ ಎನ್ನುತ್ತಾರೆ. ಸರಿ, ಸಂಸ್ಕೃತಿಯನ್ನು ಹೊತ್ತವರ ಸ್ಥಿತಿ ಏನು? ಬಡಗುತಿಟ್ಟಿನ ಮೇಳಗಳು ದೀಪಾವಳಿಯ ನಂತರ ತಿರುಗಾಟಕ್ಕೆ ಹೊರಟು ಮೇ ತಿಂಗಳ ಕೊನೆಗೆ ಗೆಜ್ಜೆ ಬಿಚ್ಚುತ್ತವೆ. ಮಂದಾರ್ತಿಯಂಥ ಕ್ಷೇತ್ರದಲ್ಲಿ ಹರಕೆಯಾಟಕ್ಕೆ ವರ್ಷಗಟ್ಟಲೆಯ ಸರದಿ ಇದೆ. ಅಂದರೆ ಕಲೆಗೆ ಬೇಡಿಕೆ ಇಲ್ಲವೆಂಬ ಮಾತು ಸುಳ್ಳು. ಆದರೂ ಮಳೆಗಾಲ ಬಂತೆಂದರೆ ಎಷ್ಟೋ ಕಲಾವಿದರು ಬೇರೆ ಕೂಲಿ ಹುಡುಕುತ್ತಾರೆ. ನಿವೃತ್ತಿ ವೇತನವಿಲ್ಲ, ಕಾಲು ಮುರಿದರೆ ಸಂಬಳವಿಲ್ಲ.

ಇವರನ್ನು ಕರೆದು ರೆಸಾರ್ಟಿನ ಹುಲ್ಲುಹಾಸಿನಲ್ಲಿ, ಊಟ ಮಾಡುವವರ ಮುಂದೆ ಹದಿನೈದು ನಿಮಿಷ ಕುಣಿಸಿ ಪಟ ತೆಗೆಸಿಕೊಳ್ಳುವುದನ್ನು ನಾವು ಕಲೆಯ ಪ್ರೋತ್ಸಾಹವೆಂದು ಕರೆಯುವುದಿಲ್ಲ. ಬೇಕಾದದ್ದು ಬೇರೆ. ಮಳೆಗಾಲದ ನಾಲ್ಕು ತಿಂಗಳು, ಕುಂದಾಪುರ, ಬೈಂದೂರು, ಬ್ರಹ್ಮಾವರಗಳಲ್ಲಿ ಪ್ರತಿ ಶನಿವಾರ ಒಂದು ಸಭಾಂಗಣದಲ್ಲಿ ಎರಡೂವರೆ ಗಂಟೆಯ ಆಟ, ಟಿಕೇಟಿಟ್ಟು ನಡೆಯಲಿ. ಉಪ್ಪಿನಕುದ್ರಿನ ಗೊಂಬೆಯಾಟಕ್ಕೆ ವಾರಕ್ಕೊಂದು ನಿಶ್ಚಿತ ದಿನವಿರಲಿ. ಬಂದವನಿಗೆ ಇಂಥ ದಿನ, ಇಂಥ ಹೊತ್ತಿಗೆ, ಇಂಥಲ್ಲಿ ಆಟವಿದೆ ಎಂದು ಗೊತ್ತಾದರೆ ಒಂದು ರಾತ್ರಿ ಹೆಚ್ಚು ಉಳಿಯುತ್ತಾನೆ. ಒಂದು ರಾತ್ರಿ ಉಳಿದರೆ ಎರಡು ಹೊತ್ತು ಉಣ್ಣುತ್ತಾನೆ. ಹಂಗಾರಕಟ್ಟೆಯ ಯಕ್ಷಗಾನ ಕಲಾಕೇಂದ್ರದಲ್ಲಿ ಕಲಿಯುವ ಹುಡುಗರಿಗೆ ಮುಂದೊಂದು ಬದುಕೂ ಕಾಣುತ್ತದೆ. ಒಂದು ಗ್ರಾಮ ಪಂಚಾಯತು ಮನಸ್ಸು ಮಾಡಿದರೆ ಏನಾಗುತ್ತದೆಂಬುದಕ್ಕೆ ಕೋಟತಟ್ಟು ಸಾಕ್ಷಿ: ಕಾರಂತರ ಹೆಸರಿನ ಥೀಮ್ ಪಾರ್ಕನ್ನು ಊರಿನಲ್ಲಿ ನಿಲ್ಲಿಸಿ, ಅವರ ಹೆಸರಿನಲ್ಲಿ ಹುಟ್ಟೂರ ಪ್ರಶಸ್ತಿ ಕೊಡುತ್ತ ಬಂದಿದೆ.

ಕಂಬಳದ ಮಾತೂ ಇದೇ. 2014ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನಿಂದ ನಿಂತದ್ದು, 2017ರ ರಾಜ್ಯದ ತಿದ್ದುಪಡಿಯಿಂದ ಮರಳಿ, 2023ರ ಮೇ ತಿಂಗಳಲ್ಲಿ ಸಂವಿಧಾನ ಪೀಠದ ಒಪ್ಪಿಗೆ ಪಡೆಯಿತು. ಒಪ್ಪಿಗೆ ಸಿಕ್ಕಿತೆಂದು ಕೋಣಗಳಿಗೆ ಹಿಂಸೆ ಮಾಡುವ ಪರವಾನಿಗೆ ಸಿಗಲಿಲ್ಲ. ಕಾಯಿದೆಯ ಷರತ್ತುಗಳನ್ನು ಪಾಲಿಸಿದರೇ ಅದು ಉಳಿಯುತ್ತದೆ. ಮತ್ತು ನಮ್ಮ ಕಡೆಯ ಕಂಬಳವು ಕೊಯ್ಲು, ಬಿತ್ತನೆ, ಊರ ದೈವದೊಡನೆ ಹೆಣೆದ ಗದ್ದೆಯ ಹಬ್ಬ. ಅದನ್ನು ಬರೀ ಪಂದ್ಯವನ್ನಾಗಿ ಮಾಡಿದರೆ ಬಂದವನಿಗೂ ನೋಡಲು ವಿಶೇಷವೇನೂ ಉಳಿಯದು.

ದೈವದ ಸೇವೆ ಕಟ್ಟುವ ಪಾಣಾರರ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಚಿತ್ರ ಓಡಿತೆಂದು ಕಂಡಕಂಡ ವೇದಿಕೆಯಲ್ಲಿ ಬಣ್ಣ ಬಳಿದು ದೈವದ ನಕಲು ಮಾಡುವುದು ಅವರ ನಂಬಿಕೆಗೂ ಅನ್ನಕ್ಕೂ ಮಾಡುವ ಅಪಚಾರ. ರಾತ್ರಿ ದೈವವೆಂದು ಕೈಮುಗಿದವರು ಹಗಲು ಅದೇ ಮನುಷ್ಯನನ್ನು ಅಂಗಳದಾಚೆ ನಿಲ್ಲಿಸುವುದು ಅದಕ್ಕಿಂತ ದೊಡ್ಡ ಅಪಚಾರ. ಕೊರಗರ ಮೇಲೆ ಹೇರಿದ್ದ ಅಜಲು ಪದ್ಧತಿಯನ್ನು 2000ದ ಕಾಯಿದೆ ನಿಷೇಧಿಸಿದೆ. ಉತ್ಸವದ ಮೆರವಣಿಗೆಯ ಮುಂದೆ ಕೊರಗರ ಡೋಲು ಬಾರಿಸಿದರೆ ಚೆಂದವೆಂದು ಕರೆಸುವವರು, ಅವರನ್ನು ಕಲಾವಿದರೆಂದು ಆಮಂತ್ರಿಸಿ, ಉಳಿದ ಕಲಾವಿದರಷ್ಟೇ ಸಂಭಾವನೆ ಕೊಟ್ಟು, ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರಿಸಬೇಕು. ಇಲ್ಲವಾದರೆ ಅದು ಸಂಸ್ಕೃತಿಯ ಹೆಸರಿನಲ್ಲಿ ಹಳೆಯ ಅಜಲೇ.

ಪರವೂರಿನ ಪಾಠ

ನೆರೆಯ ಕೇರಳದ ಕುಮರಕದಲ್ಲಿ 2008ರಲ್ಲಿ ಒಂದು ಪ್ರಯೋಗ ನಡೆಯಿತು. ಹಿನ್ನೀರಿನ ದಂಡೆಯ ದೊಡ್ಡ ಹೋಟೆಲುಗಳು ತರಕಾರಿ, ಹಾಲು, ಮೀನುಗಳನ್ನು ಊರಿನ ರೈತರಿಂದಲೂ ಕುಟುಂಬಶ್ರೀ ಹೆಂಗಸರ ಗುಂಪುಗಳಿಂದಲೂ ಕೊಳ್ಳಬೇಕೆಂದು ಪಂಚಾಯತು ಮುಂದೆ ನಿಂತು ಏರ್ಪಾಡು ಮಾಡಿತು. ಬೀಳು ಬಿದ್ದ ಗದ್ದೆಗಳಲ್ಲಿ ಮತ್ತೆ ಬೆಳೆ ಎದ್ದಿತು. ಕೇರಳ ಸರಕಾರ 2017ರಲ್ಲಿ ಅದಕ್ಕಾಗಿಯೇ ಒಂದು ಮಿಷನ್ ತೆರೆಯಿತು. ನಮ್ಮ ಹೆಂಗಸರ ಸ್ವಸಹಾಯ ಗುಂಪುಗಳು ಕುಟುಂಬಶ್ರೀಗಿಂತ ಯಾವುದರಲ್ಲಿ ಕಡಿಮೆ?

ಅತಿಯಾದರೆ ಏನಾಗುತ್ತದೆಂಬ ಪಾಠವೂ ಇದೆ. ವೆನಿಸ್ ಪಟ್ಟಣ 2024ರ ಏಪ್ರಿಲಿನಿಂದ ಜನ ಹೆಚ್ಚುವ ಕೆಲವು ದಿನಗಳಲ್ಲಿ ಬಂದುಹೋಗುವವರ ಮೇಲೆ ತಲೆಗೆ 5 ಯೂರೋ ಪ್ರವೇಶ ಶುಲ್ಕ ಹಾಕಿತು. ಬಾರ್ಸಿಲೋನ ನಗರ, ಪ್ರವಾಸಿಗರಿಗೆ ಬಾಡಿಗೆ ಕೊಡುವ ಮನೆಗಳ ಪರವಾನಿಗೆಗಳನ್ನೆಲ್ಲ 2028ರ ಹೊತ್ತಿಗೆ ಕೊನೆಗೊಳಿಸುವುದಾಗಿ 2024ರಲ್ಲಿ ಸಾರಿತು. ಏಕೆ? ಊರಿನ ಕೆಲಸಗಾರರಿಗೇ ಬಾಡಿಗೆಗೆ ಮನೆ ಸಿಗದಂತಾಯಿತು. ನಾವು ಆ ಹಂತಕ್ಕೆ ಹೋಗಿಲ್ಲ. ಹೋಗುವ ಮೊದಲೇ ಬುದ್ಧಿ ಕಲಿಯುವುದು ಲೇಸು. ಕೊಲ್ಲೂರಿನ ಕೊಳಚೆ ಸೌಪರ್ಣಿಕೆಗೆ ಸೇರುತ್ತಿದೆಯೆಂಬ ದೂರು ಇಂದು ನಿನ್ನೆಯದಲ್ಲ. ಮಿಂದು ಪವಿತ್ರರಾಗಲು ಬಂದವರ ಮೈಲಿಗೆಯನ್ನೇ ನದಿಗೆ ಬಿಟ್ಟರೆ, ಕೆಳಗೆ ಗದ್ದೆ ಬೇಸಾಯ ಮಾಡುವವನು, ಅಳಿವೆಯಲ್ಲಿ ಮರುವಾಯಿ ಹೆಕ್ಕುವವಳು ಏನು ತಿನ್ನಬೇಕು? ಕೋಡಿಯ ಮರಳಿನಲ್ಲಿ ಕಡಲಾಮೆ ಮೊಟ್ಟೆಯಿಡಲು ಬರುತ್ತದೆ. ಅಲ್ಲಿ ಕಸ ಹೆಕ್ಕುವ ಯುವಕರಿಗೆ ನಮ್ಮ ನಮಸ್ಕಾರ. ಆದರೆ ಊರಿನ ಕಸ ಹೊರುವುದು ಯುವಕರ ಪುಣ್ಯಕಾರ್ಯವಾಗಿ ಉಳಿಯಬಾರದು, ಆಡಳಿತದ ಕರ್ತವ್ಯವಾಗಬೇಕು.

ನಾವು ಕೇಳುವುದೇನು?

ಬರೀ ಟೀಕೆ ಮಾಡುವವರೆಂಬ ಅಪವಾದ ನಮಗೆ ಬೇಡ. ಮೂರು ತಾಲೂಕುಗಳ ಆಡಳಿತದ ಮುಂದೆ, ಜಿಲ್ಲಾಡಳಿತದ ಮುಂದೆ ನಮ್ಮ ಬೇಡಿಕೆಗಳನ್ನು ಇಡುತ್ತೇವೆ.

ಒಂದು: ಸರಕಾರದ ಸಹಾಯಧನ ಪಡೆಯುವ ಪ್ರತಿ ಹೋಟೆಲು, ರೆಸಾರ್ಟು, ಕೆಲಸಗಾರರಲ್ಲಿ ಹೆಚ್ಚಿನ ಪಾಲನ್ನು ಊರಿನಿಂದಲೇ ತೆಗೆದುಕೊಳ್ಳಬೇಕು, ಕನಿಷ್ಠ ವೇತನ, ಎಂಟು ಗಂಟೆಯ ದುಡಿಮೆ, ವಾರದ ರಜೆ, ಭವಿಷ್ಯನಿಧಿಗಳನ್ನು ಕೊಡಬೇಕು. ಕೊಡದವರಿಂದ ಸಹಾಯಧನ ವಾಪಸು ಪಡೆಯಬೇಕು.

ಎರಡು: ಬೀದಿ ವ್ಯಾಪಾರಿಗಳ ಗಣತಿ ಮುಗಿಸಿ ಗುರುತಿನ ಪತ್ರ ಕೊಡಬೇಕು. ಕಡಲ ತಡಿಯ ಹಾಗೂ ಕ್ಷೇತ್ರಗಳ ಗ್ರಾಮ ಪಂಚಾಯತುಗಳೂ ಇದನ್ನೇ ಅನುಸರಿಸಬೇಕು.

ಮೂರು: ಸರಕಾರಿ ಬಸ್ಸು. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದಾಗ ರಾಜ್ಯದ ಹೆಂಗಸರು ಹರ್ಷಪಟ್ಟರು. ಆದರೆ ಖಾಸಗಿ ಬಸ್ಸುಗಳೇ ತುಂಬಿರುವ ನಮ್ಮ ಕಡೆಯ ಎಷ್ಟೋ ದಾರಿಗಳಲ್ಲಿ ಆ ಉಚಿತ ಚೀಟಿ ಬರೀ ಕಾಗದ. ಬೈಂದೂರು ರೈಲು ನಿಲ್ದಾಣದಿಂದ ಕೊಲ್ಲೂರಿಗೆ, ಕುಂದಾಪುರ ನಿಲ್ದಾಣದಿಂದ ಪೇಟೆಗೆ, ಬಾರಕೂರಿನಿಂದ ಮಂದಾರ್ತಿಗೆ ರೈಲಿನ ವೇಳೆಗೆ ಹೊಂದುವ ಸರಕಾರಿ ಬಸ್ಸು ಬೇಕು. ಪ್ರವಾಸಿಗೂ ಆಯಿತು, ಗೇರುಬೀಜ ಸುಲಿಯುವ ಅಕ್ಕನಿಗೂ ಆಯಿತು. ಖಾಸಗಿ ಬಸ್ಸಿನ ಕಂಡಕ್ಟರು, ಡ್ರೈವರುಗಳೂ ನಮ್ಮವರೇ. ಹೊಸ ದಾರಿಗಳಲ್ಲಿ ಅವರಿಗೆ ಕೆಲಸ ಕೊಡಲಿ.

ನಾಲ್ಕು: ಮೂರು ತಾಲೂಕುಗಳಿಗೂ ಸೇರಿ ಒಂದು ಕಾಲಪಟ್ಟಿ. ಯಾವ ಜಾತ್ರೆ ಎಂದು, ಯಾವ ಆಟ ಎಲ್ಲಿ, ಕಂಬಳ ಎಂದು, ಗೊಂಬೆಯಾಟ ಎಂದು, ಕುಂದಾಪ್ರ ಕನ್ನಡದ ಹಬ್ಬ ಎಂದು, ಎಲ್ಲವನ್ನೂ ಒಂದೇ ಹಾಳೆಯಲ್ಲಿ ಅಚ್ಚುಮಾಡಿ ರೈಲು ನಿಲ್ದಾಣದಲ್ಲಿ ಅಂಟಿಸಲು ಎಷ್ಟು ಕೋಟಿ ಬೇಕು?

ಐದು: ಕಡಲ ತಡಿಯ ಯಾವ ಯೋಜನೆಯೂ ಗ್ರಾಮಸಭೆಯ ಒಪ್ಪಿಗೆಯಿಲ್ಲದೆ ಬರಬಾರದು. ದೋಣಿ ಎಳೆದಿಡುವ, ಬಲೆ ಹರಡುವ, ಮೀನು ಒಣಗಿಸುವ ಜಾಗವನ್ನು ಮೊದಲು ಗುರುತುಮಾಡಿ ಬದಿಗಿಡಬೇಕು. ಉಳಿದದ್ದು ಆಮೇಲೆ.

ಆರು: ಬಸರೂರು, ಬಾರಕೂರುಗಳ ಕೋಟೆ, ಬಸದಿ, ಶಾಸನಗಳಿಗೆ ಕಾವಲುಗಾರರನ್ನೂ, ಓದಿದ ಊರಿನ ಹುಡುಗ ಹುಡುಗಿಯರನ್ನು ಮಾರ್ಗದರ್ಶಿಗಳನ್ನಾಗಿಯೂ ನೇಮಿಸಬೇಕು. ಇತಿಹಾಸ ಹೇಳುವುದೂ ಒಂದು ಉದ್ಯೋಗವೇ.

ಓದುಗ ಬಂಧುಗಳೇ, ಈ ಬೇಡಿಕೆಗಳು ಪತ್ರಿಕೆಯಲ್ಲಿ ಅಚ್ಚಾದ ಮಾತ್ರಕ್ಕೆ ಈಡೇರುವುದಿಲ್ಲ. ವಡ್ಡರ್ಸೆಯ ರಘುರಾಮ ಶೆಟ್ಟರು 1984ರಲ್ಲಿ ಓದುಗರನ್ನೇ ಪಾಲುದಾರರನ್ನಾಗಿ ಮಾಡಿಕೊಂಡು 'ಮುಂಗಾರು' ಪತ್ರಿಕೆ ಹೊರಡಿಸಿದಾಗ, ಬಡವರ ಹತ್ತಿಪ್ಪತ್ತು ರೂಪಾಯಿ ಕೂಡಿದರೆ ಬಂಡವಾಳವಾಗುತ್ತದೆಂದು ತೋರಿಸಿದರು. ಆ ಪತ್ರಿಕೆ ಬಾಳಲಿಲ್ಲ. ಆದರೆ ಆ ಪಾಠ ಉಳಿದಿದೆ. ಮುಂದಿನ ಗ್ರಾಮಸಭೆಗೆ ಗಿರಣಿಯಿಂದ ಅರ್ಧ ದಿನ ರಜೆ ಹಾಕಿಯಾದರೂ ಹೋಗಿ. ಅಂಗಡಿಯವರು ಒಂದು ಗಂಟೆ ಬಾಗಿಲೆಳೆದು ಹೋಗಿ. ಯೋಜನೆ ಓದಿ ಹೇಳುವ ಅಧಿಕಾರಿಯನ್ನು ಎದ್ದುನಿಂತು ಕೇಳಿ: ಸ್ವಾಮೀ, ಎಷ್ಟು ಜನ ಬರುತ್ತಾರೆಂದು ಹೇಳಿದಿರಿ, ಸಂತೋಷ, ಅವರ ಹಣದಲ್ಲಿ ಎಷ್ಟು ಈ ಊರಿನಲ್ಲಿ ಉಳಿಯುತ್ತದೆ, ಅದನ್ನೂ ಹೇಳಿ.

ಉತ್ತರ ಬರುವ ತನಕ ಕುಳಿತುಕೊಳ್ಳಬೇಡಿ.